ಕೈಯಿಂದ ಕೈಗೆ ಹೋದ ಬೆಳಕು

ಸರಸ್ವತಿಪುರಂ, ಮೈಸೂರು
14 ನವೆಂಬರ್ 2025

ಪ್ರೀತಿಯ ಜಾನ್ಸಿ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ದಿನಾ ಅಷ್ಟು ಹೊತ್ತು ಮೊಣಕಾಲೂರಿದರೆ ಯಾರ ಮಂಡಿಯೂ ಉಳಿಯುವುದಿಲ್ಲ. ಮದರ್ ಹತ್ತಿರ ಕೇಳಿ ಒಂದು ದಪ್ಪ ಚಾಪೆ ಹಾಕಿಕೋ. ಕಾನ್ವೆಂಟಿನ ತರಬೇತಿ ಮುಗಿಯುವವರೆಗೂ ನಿನಗೆ ಫೋನಿಲ್ಲವಲ್ಲ, ಅದರಿಂದ ನನಗೊಂದು ಲಾಭ: ನೀನು ನಡುವೆ ಬಾಯಿ ಹಾಕುವಂತಿಲ್ಲ, ನಾನು ಕಥೆ ಪೂರ್ತಿ ಹೇಳಬಹುದು. ಊರಲ್ಲಿ ಅಪ್ಪ, ಅಮ್ಮ ಚೆನ್ನಾಗಿದ್ದಾರೆ. ಜನವರಿಯ ನನ್ನ ಮದುವೆಗೆ ಅಪ್ಪ ಈಗಲೇ ಮನೆಗೆ ಸುಣ್ಣ ಹೊಡೆಸಿದ್ದಾರೆ. ಸಿಕ್ಕವರಿಗೆಲ್ಲ "ನಮ್ ರೋಸಿ ಡಾಕ್ಟ್ರಾಗ್ಬುಟ್ಟು ಮದ್ವೆ ಆಗ್ತಾಳೆ ಕಣ್ರೀ" ಎನ್ನುತ್ತಾರಂತೆ. ಎದುರುಮನೆ ಹುಚ್ಚಣ್ಣ ಆಗಲೇ ತಮ್ಮ ಸೊಂಟನೋವಿಗೆ ಮಾತ್ರೆ ಕೇಳಿ ಕಳಿಸಿದ್ದಾರೆ.

ಆ ಡಾಕ್ಟರ್ ಪದವಿ ಯಾವುದಕ್ಕೆ ಎಂದು ನೀನೂ ಕೇಳಿದ್ದೆಯಲ್ಲ. ಸಮೇರಿಯಂ ಎಂಬ ಒಂದು ಲೋಹವಿದೆ. ಅದನ್ನು ಓವನ್ನಿನಲ್ಲಿ ಕಾಯಿಸಿ ಆವಿ ಮಾಡುತ್ತೇವೆ. ಆವಿಯ ಮೇಲೆ ಲೇಸರ್ ಬೆಳಕನ್ನು ಒಮ್ಮೆ ಮಿಂಚಿಸಿದರೆ ಪರಮಾಣು ಅದನ್ನು ನುಂಗಿ ಮೇಲಿನ ಮಟ್ಟಕ್ಕೆ ಹತ್ತುತ್ತದೆ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾರದು. ಬೆಳಕನ್ನು ಹೊರಗೆ ಬಿಟ್ಟು ಕೆಳಗಿಳಿಯುತ್ತದೆ. ಸರಾಸರಿ ಎಷ್ಟು ಹೊತ್ತು ಮೇಲಿತ್ತು ಎನ್ನುವುದೇ ಆ ಸ್ಥಿತಿಯ ಆಯುಷ್ಯ. ನೀನು ಶಿಲುಬೆ ಗುರುತಿಗೆ ಹಣೆಯವರೆಗೆ ಕೈ ಎತ್ತುವಷ್ಟರಲ್ಲಿ ಅಂಥ ಲಕ್ಷಾಂತರ ಆಯುಷ್ಯಗಳು ಮುಗಿದಿರುತ್ತವೆ. ಹೊರಬಂದ ಬೆಳಕು ಎಷ್ಟು ಬೇಗ ಮಂಕಾಗುತ್ತದೆ ಎಂದು ಯಂತ್ರ ಪರದೆಯ ಮೇಲೆ ಗೆರೆ ಎಳೆಯುತ್ತದೆ, ನಾವು ಅದರಿಂದ ಲೆಕ್ಕ ಹಾಕುತ್ತೇವೆ.

ನಮ್ಮ ಲ್ಯಾಬಿನಲ್ಲಿ ಗೆರೆ ನಡುಗಿದರೆ ಯಾರಿಗೂ ಸಮಾಧಾನವಿಲ್ಲ. ಓವನ್ ಹೆಚ್ಚು ಕಾಯಿಸಿದರೆ ಆವಿ ಹೆಚ್ಚು, ಬೆಳಕು ಹೆಚ್ಚು, ಗೆರೆ ನುಣುಪು. ಹಾಗಾಗಿ ನಾನೂ ನನ್ನ ಸೀನಿಯರ್ ಚಂದ್ರುವೂ ಕಾಯಿಸಿದ್ದೇ ಕಾಯಿಸಿದ್ದು. ಗೈಡ್ ಗಿರಿಜಾಂಬಾ ಮೇಡಂ ನೋಡಿ, "ಚಿತ್ರ ಬರ್ದಂಗಿದೆ ಕಣೇ" ಎಂದರು. ಆಯುಷ್ಯವೂ ಹಿಂದೆ ಬೇರೆಯವರು ಅಳೆದದ್ದಕ್ಕಿಂತ ಉದ್ದ ಬಂತು. ಹೊಸ ಸಂಗತಿ ಎಂದು ಪೇಪರ್ ಬರೆದು ಜರ್ನಲ್ಲಿಗೆ ಕಳಿಸಿದೆವು. ನನ್ನ ಥೀಸಿಸ್ ನಿಂತಿರುವುದೇ ಅದರ ಮೇಲೆ. ಡಿಸೆಂಬರಿನಲ್ಲಿ ಥೀಸಿಸ್ ಕೊಟ್ಟು, ಜನವರಿಯಲ್ಲಿ ಮದುವೆಯಾಗಿ, ಪ್ರಿನ್ಸ್ ಕೆಲಸ ಮಾಡುವ ಬಳ್ಳಾರಿಗೆ ಹೋಗುವುದೆಂದು ಮಾತಾಗಿತ್ತು. ಬಳ್ಳಾರಿಗೆ ಪಾತ್ರೆ ಪಗಡ ಒಯ್ಯಬಹುದು, ಲೇಸರ್ ಒಯ್ಯಲಾಗದು.

ಮೊನ್ನೆ ಕರೆಂಟ್ ಹೋಗಿ ಬಂತು. ಓವನ್ ಮತ್ತೆ ಬಿಸಿಯಾಗುವವರೆಗೆ ಸುಮ್ಮನೆ ಕೂರಲು ಬೇಜಾರಾಗಿ ಆಗಲೇ ಒಂದು ಸಲ ಅಳೆದೆ. ಗೆರೆ ನಡುಗುತ್ತಿತ್ತು, ಆದರೆ ಆಯುಷ್ಯ ಚಿಕ್ಕದಾಗಿತ್ತು. ಬಿಸಿ ಏರಿದಂತೆ ಅದೂ ಉದ್ದವಾಗುತ್ತ ಹೋಯಿತು. ಓವನ್ನಿನ ಬಿಸಿ ನೋಡಿ ಆಯುಷ್ಯ ಬದಲಿಸುವ ಅಭ್ಯಾಸ ಪರಮಾಣುವಿಗಿಲ್ಲ ಅಕ್ಕಾ. ಜ್ಞಾನಸ್ನಾನದ ದಿನ ಮನೆ ತುಂಬ ನೆಂಟರಿದ್ದರೆ ಮಗು ಅತ್ತೆಯ ಕೈಯಿಂದ ಚಿಕ್ಕಮ್ಮನಿಗೆ, ಅಲ್ಲಿಂದ ಅಜ್ಜಿಗೆ ಹೋಗುತ್ತದೆ. ಕೊನೆಗೆ ಮಗು ಕೈಗೆ ಬಂದಾಗ ಬಾಗಿಲಲ್ಲಿ ನಿಂತ ತಾಯಿ, ಅತ್ತೆಯೇ ಇಷ್ಟು ಹೊತ್ತು ಇಟ್ಟುಕೊಂಡಿದ್ದಳು ಎಂದುಕೊಳ್ಳುತ್ತಾಳೆ. ಆವಿ ದಟ್ಟವಾದಾಗ ಒಂದು ಪರಮಾಣು ಬಿಟ್ಟ ಬೆಳಕನ್ನು ಪಕ್ಕದ್ದು ಹಿಡಿಯುತ್ತದೆ, ಅದು ಬಿಟ್ಟದ್ದನ್ನು ಇನ್ನೊಂದು. ಬೆಳಕು ತಡವಾಗಿ ಹೊರಗೆ ಬಂತು, ನಾವು ಅಷ್ಟನ್ನೂ ಒಂದೇ ಪರಮಾಣುವಿನ ಲೆಕ್ಕಕ್ಕೆ ಹಾಕಿದೆವು. ಓದಿ ಪರೀಕ್ಷೆ ಬರೆದ ವಿಷಯವೇ. ನುಣುಪು ಗೆರೆಯ ಆಸೆಯಲ್ಲಿ ನೆನಪಾಗಲಿಲ್ಲ.

ಚಂದ್ರುವಿಗೆ ತೋರಿಸಿದೆ. "ಸುಮ್ನಿದ್ಬುಡು ರೋಸಿ, ಯಾರೂ ಕೇಳಲ್ಲ. ಮದ್ವೆ ಮಾಡ್ಕೊಂಡ್ ಬಳ್ಳಾರಿ ಸೇರ್ಕೊ, ಆಮೇಲ್ ನಾನೇ ತಿದ್ತೀನಿ" ಎಂದ. ಮೇಡಂಗೆ ಹೇಳಿದರೆ ಪೇಪರ್ ಹಿಂದಕ್ಕೆ ಬರುತ್ತದೆ. ತೆಳು ಆವಿಯಲ್ಲಿ ಎಲ್ಲವನ್ನೂ ಮತ್ತೆ ಅಳೆಯಬೇಕು, ಒಂದು ವರ್ಷದ ಕೆಲಸ. ಮೇಡಂ ಇವತ್ತು ಮಧ್ಯಾಹ್ನ ಲ್ಯಾಬಿಗೆ ಬರುತ್ತಾರೆ.

ಅಮ್ಮ ಕಳಿಸಿದ ಚಕ್ಕುಲಿಯನ್ನು ಪೂರ್ತಿ ದಾನ ಮಾಡಬೇಡ, ನಿನಗೂ ಎರಡು ಇಟ್ಟುಕೋ. ಅಲ್ಲಿಯ ಸಿಸ್ಟರುಗಳಿಗೆಲ್ಲ ನನ್ನ ನಮಸ್ಕಾರ ತಿಳಿಸು. ಮಂಡಿ ಜೋಪಾನ.

ನಿನ್ನ ತಂಗಿ,
ರೋಸ್‌ಮೇರಿ

ತಾ.ಕ.: ಪೋಸ್ಟಿಗೆ ಹಾಕುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಡಂಗೆ ಹೇಳಿದೆ. ಎರಡೂ ಗೆರೆಗಳನ್ನು ಪಕ್ಕಪಕ್ಕ ಇಟ್ಟು ತುಂಬ ಹೊತ್ತು ನೋಡಿ, "ಚೆಂದ ಕಂಡ್ಬುಡ್ತು, ಮೋಸ ಹೋದೆ ಕಣೇ" ಎಂದರು. ಅಲ್ಲೇ ಕೂತು ಪೇಪರ್ ವಾಪಸ್ ಕೇಳಿ ಮೇಲ್ ಕಳಿಸಿದರು. ಥೀಸಿಸ್ ಒಂದು ವರ್ಷ ಮುಂದಕ್ಕೆ, ಮದುವೆಯೂ. ಪ್ರಿನ್ಸ್‌ಗೆ ಫೋನ್ ಮಾಡಿದೆ. "ಹೊಲಿಯಕ್ ಕೊಟ್ಟಿರೋ ಸೂಟು ಅಷ್ಟೊತ್ಗೆ ಬಿಗಿಯಾದ್ರೆ ನೀನೇ ಹೊಣೆ" ಎಂದ. ಇನ್ನು ಉಳಿದವರು ಅಪ್ಪ. ನನಗೆ ಧೈರ್ಯ ಸಾಲದು, ನೀನೇ ಬರೆ. ಮದುವೆಯೇ ಬೇಡ ಎಂದ ದೊಡ್ಡ ಮಗಳನ್ನು ಬಸ್ಸು ಹತ್ತಿಸಿ ಬಂದವರು, ಒಂದು ವರ್ಷ ತಡ ಎನ್ನುವ ಚಿಕ್ಕವಳನ್ನು ಸಹಿಸಲಾರಿರಾ ಎಂದು ಕೇಳು. ಅವರು ಶಾಮಿಯಾನದವರಿಗೆ ಹೇಳುವ ಮುಂಚೆ ನಿನ್ನ ಕಾಗದ ತಲುಪಬೇಕು.