ಮಡಚಿ ಹೊಲಿದ ಮೇಲಂಗಿ

ಯೆರೆವಾನ್
17 ನವೆಂಬರ್ 1998

ಪ್ರೀತಿಯ ಮಿಹ್ರಾನ್,

ಹೇಗಿದ್ದೀಯ? ಮಂಡಿನೋವು ಒಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ದ್ರಾಕ್ಷಿ ಹರಸುವ ಹಬ್ಬದಲ್ಲಿ ಬರೆದದ್ದು, ಆಮೇಲೆ ಮೂರು ತಿಂಗಳು ಒಂದಕ್ಷರವೂ ಇಲ್ಲ. ಬೈಯಬೇಡ. ಕೈಗೆ ಬಿಡುವಿರಲಿಲ್ಲ ಎಂಬುದು ಅರ್ಧ ನಿಜ. ನಿನಗೆ ಬರೆದ ಕಾಗದಗಳನ್ನು ಇಡುತ್ತಿದ್ದ ಜಾಗ ಕೈತಪ್ಪಿತು ಎಂಬುದು ಇನ್ನರ್ಧ.

ನೀನು ಹಾಡುತ್ತಿದ್ದ ಆಪೆರಾ ಮತ್ತೆ ರಂಗಕ್ಕೆ ಬಂತು, ಪರ್ಷಿಯಾದ ಶಾಹನ ಸೈನ್ಯದ ಮೇಲೆ ದಂಗೆಯೆದ್ದ ಸೇನಾನಿಯದು. ಅವನು ಕಾದಾಡಿದ ಸ್ಯೂನಿಕ್ ಬೆಟ್ಟಗಳಿಗೇ ನೀನೂ ಬಂದೂಕು ಹಿಡಿದು ಹೊರಟೆಯಲ್ಲ, ಆವತ್ತಿನಿಂದ ಆರು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಮೊದಲು ಕರೆಂಟಿರಲಿಲ್ಲ, ಆಮೇಲೆ ಹಾಡುವವರಿರಲಿಲ್ಲ. ಅಲ್ಲಿಂದ ವಾಪಸಾದವರು ನಿನ್ನನ್ನು ಕಂಡಿಲ್ಲ ಎನ್ನುತ್ತಾರೆ. ಹೆಣವನ್ನೂ ಕಂಡಿಲ್ಲ.

ಈಗ ಗ್ಯುಮ್ರಿಯಿಂದ ಗಾರ್ನಿಕ್ ಎಂಬ ಗಾಯಕ ಬಂದಿದ್ದಾನೆ. ವಯಸ್ಸು ಮೂವತ್ತು, ಬಾಯಿ ಬಡಬಡ, ದನಿ ಮಾತ್ರ ಬಂಗಾರ. ಆದರೆ ಕುಳ್ಳ. ಸೇನಾನಿಯ ಮೇಲಂಗಿ, ನಿನ್ನದೇ ಅದು, ಅವನಿಗೆ ತೊಡಿಸಿದರೆ ನೆಲ ಗುಡಿಸುತ್ತದೆ.

"ವಾರ್ಸೆನಿಕ್, ಒಂದು ಗೇಣು ಕತ್ತರಿಸಿ ಬಿಸಾಕು," ಅಂದರು ನಿರ್ದೇಶಕರು.

"ಆರು ವರ್ಷ ಅದಕ್ಕೆ ಹುಳ ಬೀಳದ ಹಾಗೆ ನೋಡ್ಕೊಂಡಿರೋಳು ನಾನು. ಬಟ್ಟೆಕೋಣೆಯ ಕತ್ತರಿ ನನ್ನ ಕೈಲಿದೆ, ನಿಮ್ಮ ಕೈಲಲ್ಲ," ಅಂದೆ.

ಕತ್ತರಿಸಲಿಲ್ಲ. ಒಳಕ್ಕೆ ಮಡಚಿ ಸಡಿಲವಾಗಿ ಹೊಲಿದೆ. ನೀನು ಬಂದ ದಿನ ದಾರ ಎಳೆದರೆ ಸಾಕು, ನಿನ್ನ ಅಳತೆಗೆ ಇಳಿಯುತ್ತದೆ. ನಿನಗೆ ಬರೆದು ಅದರ ಒಳಜೇಬಿನಲ್ಲಿ ಇಡುತ್ತಿದ್ದ ಕಾಗದಗಳು ಈಗ ನಿನ್ನ ಬೂಟಿನ ಡಬ್ಬಿಯಲ್ಲಿವೆ.

ಮೊನ್ನೆ ಭಾನುವಾರ ಮಧ್ಯಾಹ್ನ ಮೊದಲ ಪ್ರದರ್ಶನ. ಕೋಟೆಯ ದೃಶ್ಯದಲ್ಲಿ ಅವನು ಮಂಡಿಯೂರಿ ಹಾಡುವಾಗ ನಾನು ಪರದೆಯ ಹಿಂದೆ ನಿಂತು ಬೆನ್ನನ್ನಷ್ಟೇ ನೋಡಿದೆ. ಆ ಬೆನ್ನು ನಿನ್ನದೇ ಅನ್ನಿಸಿತು. ಹಾಗೇ ಅಂದುಕೊಂಡು ನಿಂತುಬಿಟ್ಟೆ. ಆಮೇಲೆ ಅವನು ತಿರುಗಿದ. ಆಗ ಆದ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ನನಗೆ ನೀನು ಬೇಕು ಮಿಹ್ರಾನ್, ಹಾಡದಿದ್ದರೂ ಸರಿ, ಗೊರಕೆ ಹೊಡೆದುಕೊಂಡು ಬಿದ್ದಿದ್ದರೂ ಸರಿ.

ಪ್ರದರ್ಶನ ಮುಗಿದ ಮೇಲೆ ಅಲ್ಲೇ ಎಲ್ಲರಿಗೂ ಊಟ. ದ್ರಾಕ್ಷಿ ಎಲೆಯ ಟೋಲ್ಮಾ ನಾನೇ ಸುತ್ತಿದ್ದೆ. ಮೇಳದ ಗುರು ಯೆರ್ವಾಂದ್ ಲೋಟ ಎತ್ತಿ, "ನಮ್ಮ ಮಿಹ್ರಾನ್‌ಗೆ," ಅಂದರು. ಬದುಕಿದ್ದವರ ಹೆಸರಿಗೆ ಲೋಟಕ್ಕೆ ಲೋಟ ತಾಕಿಸುತ್ತೇವೆ, ಸತ್ತವರ ಹೆಸರಿಗೆ ತಾಕಿಸುವುದಿಲ್ಲ, ಅಲ್ಲವೇ? ನಿನ್ನ ಹೆಸರಿಗೆ ಆರು ವರ್ಷದಿಂದ ನಾನೇ ಮೊದಲು ತಾಕಿಸುತ್ತೇನೆ, ಉಳಿದವರು ನನ್ನ ಮುಖ ನೋಡಿ ತಾಕಿಸುತ್ತಾರೆ. ಈ ಗಾರ್ನಿಕ್ ಮಾತ್ರ ಲೋಟವನ್ನು ಎದೆಗೆ ಒತ್ತಿ ಹಿಡಿದು ಹಾಗೇ ನಿಂತ.

ಸರಿಯಾಗಿ ಬಿಸಿ ಮುಟ್ಟಿಸಿದೆ. "ಅವರು ಸತ್ತಿದ್ದಾರೆ ಅಂತ ಯಾರಪ್ಪ ನಿಂಗೆ ಹೇಳಿದ್ದು? ನೀನು ನೋಡಿದ್ಯಾ?" ಪಾಪ, ಅವನ ಮುಖ ಸಣ್ಣದಾಯಿತು.

ಅಲ್ಲಿ ಬೆಟ್ಟದ ಮೇಲೆ ಆಗಲೇ ಹಿಮ ಬಿದ್ದಿರಬೇಕು. ನೀನು ಎಲ್ಲಿದ್ದರೂ ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ,
ವಾರ್ಸೆನಿಕ್

ತಾ.ಕ.: ಗಾರ್ನಿಕ್ ಮೇಲೆ ಸುಳ್ಳು ಹೊರಿಸಿದೆ. ಅವನು ಲೋಟ ಚಾಚಿದ್ದ. ಎಲ್ಲರೂ ಚಾಚಿ, ನಾನು ಮೊದಲು ತಾಕಿಸಲಿ ಎಂದು ಕಾಯುತ್ತಿದ್ದರು. ನನ್ನ ಕೈ ಮುಂದೆ ಹೋಗಲಿಲ್ಲ. ಲೋಟವನ್ನು ಎದೆಗೆ ಒತ್ತಿ ಹಿಡಿದದ್ದು ನಾನು. ಆ ಬೈಗುಳವೂ ಮನೆಗೆ ಬಂದು ಕನ್ನಡಿಯ ಮುಂದೆ ನನಗೇ ಬೈದುಕೊಂಡದ್ದು. ಅಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ತಮ್ಮ ಲೋಟವನ್ನು ತಾಕಿಸದೆ ಹಿಂದಕ್ಕೆ ಎಳೆದುಕೊಂಡರು. ಮೇಲಂಗಿಯನ್ನು ಮಾತ್ರ ಇನ್ನೂ ಕತ್ತರಿಸಿಲ್ಲ.