ಗಡಿಯಾರದ ಕಪಾಟು

ಬನವಾಸಿ
೧೪-೨-೧೯೬೧

ಪ್ರೀತಿಯ ಪರಿಮಳವ್ವಾ,

ನಿನ್ನ ಕಾಕಾನ ಆಶೀರ್ವಾದಗಳು. ಮೈ ಹೇಗಿದೆ? ಊಟ ಸೇರುತ್ತದೋ, ಇನ್ನೂ ವಾಂತಿಯೋ? ಯಲ್ಲಾಪುರದ ಥಂಡಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ. ಕುಬಸದ ಉಡಿ ತುಂಬಿಸಿಕೊಳ್ಳಲೂ ಬರುವುದಿಲ್ಲ, ಹೆರಿಗೆಗೂ ಬರುವುದಿಲ್ಲ ಎಂದು ಹೇಳಿ ಕಳಿಸಿದೆಯಂತೆ. ನಿನ್ನವ್ವ ತೀರಿದ ಮೇಲೆ ನಿನ್ನನ್ನು ಎತ್ತಿ ಆಡಿಸಿದ ಚಿಗವ್ವ ಗುರುಶಾಂತವ್ವ ಅದನ್ನು ಕೇಳಿದಾಗಿನಿಂದ ನನ್ನ ಮೇಲೆ ಸಿಟ್ಟು ತೀರಿಸುತ್ತಿದ್ದಾಳೆ. ನಿಮ್ಮಪ್ಪನ ಮೇಲೆ ತೀರಿಸಲು ಧೈರ್ಯವಿಲ್ಲ. ಮದುವೆಯ ಮನೆಯಲ್ಲಿ ನೆಂಟರೆದುರು ಅವನು, "ಕೀಲಿ ಜಾಸ್ತಿ ತಿರುವಿ ನಮ್ಮಪ್ಪನ ಗಡಿಯಾರ ಕೆಡಿಸಿದಿ, ಹೋದ ಮನಿಯಾಗರ ಕೈ ಬಿಗಿ ಹಿಡಿ" ಎಂದದ್ದನ್ನು ನಾನೂ ಮರೆತಿಲ್ಲ. ಅದೊಂದು ಮಾತಿಗೆ ನೀನು ಎರಡು ದೀಪಾವಳಿ ತವರಿಗೆ ಬರಲಿಲ್ಲ.

ಈಗ ಸುದ್ದಿ ಕೇಳು. ಅಜ್ಜನ ಆ ಆಳೆತ್ತರದ ಗಡಿಯಾರವನ್ನು ನಾನು ಕಪಾಟು ಮಾಡಿದೆ! ಯಂತ್ರ ಬಿಚ್ಚಿ, ಲೋಲಕ ತೂಗುತ್ತಿದ್ದ ಕಡೆ ನಾಲ್ಕು ಹಲಗೆ ಬಡಿದೆ. ಬಡಿಗ ಮಾಸ್ತಿ ನೋಡಿ ಬಾಯಿಬಿಟ್ಟ. ಇಂಥ ಕೈ ಶಿರಸಿ ಪೇಟೆಯಲ್ಲೂ ಇಲ್ಲ. (ಗರಗಸ ಹಿಡಿದವನು ಮಾಸ್ತಿಯೇ, ಆದರೆ ಹೀಗೆ ಕೊಯ್ಯಿ ಎಂದವನು ನಾನು.) ಗಾಜಿನ ಬಾಗಿಲು ಹಾಗೇ ಬಿಟ್ಟದ್ದೊಂದು ತಪ್ಪಾಯಿತು. ಶೇಂಗಾ ಉಂಡಿಯ ಡಬ್ಬಿಗೆ ನಾನು ಕೈಹಾಕಿದರೆ ಗುರುಶಾಂತವ್ವ ಒಲೆಯ ಮುಂದೆ ಕೂತೇ, "ಕೈ ತೆಗೀರಿ, ಎಲ್ಲಾ ಕಾಣಸ್ತೈತಿ" ಎನ್ನುತ್ತಾಳೆ.

ಆಮೇಲೆ ಮೇಲಿನ ಹಲಗೆಯ ಮೇಲೆ ಲಿಂಬೆಹಣ್ಣು ಇಟ್ಟೆವು. ಎಲ್ಲವೂ ಎಡಕ್ಕೆ ಉರುಳಿದವು. ಹಲಗೆ ಸೊಟ್ಟ ಎಂದು ನಿನ್ನ ಚಿಗವ್ವ ನಕ್ಕಳು. ನಾನು ಬಡಿದ ಹಲಗೆ ಸೊಟ್ಟವೇ! ಬಗ್ಗಿ ನೋಡಿದರೆ ಪೆಟ್ಟಿಗೆಯ ಒಂದು ಕಾಲು ಹಾಸುಗಲ್ಲಿನ ಅಂಚು ಹತ್ತಿ ಕೂತಿದೆ. ಮದುವೆಯ ನೆಂಟರಿಗೆ ಜಾಗ ಬೇಕೆಂದು ಅದನ್ನು ಅಲ್ಲಿಗೆ ಸರಿಸಿದವನು ನಿಮ್ಮಪ್ಪನೇ. ಓರೆ ನಿಂತ ಗಡಿಯಾರದಲ್ಲಿ ಲೋಲಕ ತೂಗೀತು ಹೇಗೆ? ಯಂತ್ರವನ್ನು ಗೋಡೆಗೆ ನೆಟ್ಟಗೆ ಕೂರಿಸಿದೆ. ಏನೂ ಆಗೇ ಇಲ್ಲವೆನ್ನುವಂತೆ ನಡೆಯುತ್ತಿದೆ. ನಿನ್ನ ಕೈಯ ತಪ್ಪಲ್ಲ, ಮಗಳೇ.

ನಿಮ್ಮಪ್ಪನನ್ನು ಕರೆದು, "ಅಣ್ಣಾ, ನೀನ ಇಟ್ಟ ನೋಡು" ಎಂದು ಲಿಂಬೆಹಣ್ಣು ಕೈಗೆ ಕೊಟ್ಟೆ. ಇಟ್ಟ, ಉರುಳಿತು. ಮತ್ತೆ ಇಟ್ಟ. ಊಟಕ್ಕೆ ಕರೆದರೂ ಬರಲಿಲ್ಲ.

ಅತ್ತೆಮಾವನವರಿಗೆ ನನ್ನ ಶರಣು ತಿಳಿಸು. ಮಧುಕೇಶ್ವರ ತಾಯಿ-ಕೂಸು ಇಬ್ಬರನ್ನೂ ಕಾಯಲಿ.

ನಿನ್ನ ಕಾಕಾ,
ವೀರಪ್ಪ

ತಾ.ಕ.: ಟಪಾಲಿನವನು ಹೊರಟು ನಿಂತಿದ್ದಾನೆ. ನಿಮ್ಮಪ್ಪ ಕುಬಸದ ಹಸಿರು ಸೀರೆ ತಂದಿದ್ದಾನೆ. ಬರುವ ಸೋಮವಾರ ಒಬ್ಬನೇ ಅಲ್ಲಿಗೆ ಬರುತ್ತಾನೆ. ನನ್ನನ್ನು ಬೇಡ ಎಂದ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರುವುದಿಲ್ಲ, ಅದಕ್ಕೆ ಕಾಯಬೇಡ. ಕಟ್ಟೆಯ ಮೇಲೆ ಕೂತು ನೀರು ಕುಡಿದು, "ತಿರುಗಿ ಬಸ್ಸು ಎಷ್ಟೊತ್ತಿಗೈತಿ?" ಎಂದು ಕೇಳಿದರೆ, ಅದೇ ಆ ಮಾತು ಎಂದು ತಿಳಿದು ತವರಿಗೆ ಹೊರಡಲು ಗಂಟು ಕಟ್ಟು.