ಪತ್ತೇದಾರನ ಬಾಯಾಗ ನಿನ್ನ ಮಾತು

ಅವ್ವಾ, ನೀನು ತೀರಿಕೊಂಡು ವರ್ಷಾತು. ಈ ಟೇಪು ನಿನಗ ಮುಟ್ಟಂಗಿಲ್ಲ, ಆದ್ರೂ ಕ್ಯಾಸೆಟ್ ಹಾಕಿ ಹೇಳಾಕತ್ತೀನಿ.

ಇವತ್ತು ಆದೋನಿ ಟಾಕೀಸಿನಾಗ ಮಾರ್ನಿಂಗ್ ಶೋಕ್ಕ ಹಳೇ ಇಂಗ್ಲಿಷ್ ಪತ್ತೇದಾರಿ ಪಿಚ್ಚರ್ ಇತ್ತು. ಕಪ್ಪು-ಬಿಳಿ, ಬರೇ ನೆರಳು, ಬರೇ ಸಿಗರೇಟಿನ ಹೊಗಿ. ಆ ಮಂದಿ ಭಾಳ ಮಾತಾಡಂಗಿಲ್ಲ, ಆಡಿದ್ರ ಬ್ಲೇಡಿನಂಗ ಕೊಯ್ತಾರ, ನಿನ್ನಂಗ.

ಪಿಚ್ಚರಿನ ಇಂಗ್ಲಿಷ್ ಮಾತು ಮೈಕಿನಾಗ ಬಿಡಿಸಿ ಹೇಳೋ ಹೊನ್ನೂರಪ್ಪ ಬಂದಿರ್ಲಿಲ್ಲ. ನೆಲಕ್ಕ ಕುಂತ ಹತ್ತಿ ಮಿಲ್ಲಿನವರು "ಏಮನ್ನಾಡ್ರಾ? ಏನಂದನಲೇ ಅವ?" ಅಂತ ಒದರಾಕತ್ತಿದ್ರು. ಗೇಟಿನಾಗ ಟಿಕೀಟು ಹರಿಯೋ ನಾನು ಹೋಗಿ ಮೈಕ್ ಹಿಡದೆ.

"ನಿನಗ ಇಂಗ್ಲಿಷ್ ಬರ್ತೈತೇನಲೇ?" ಅಂದ್ರು ಮಾಲಕರು.

"ಪಿಚ್ಚರ್ ಬರ್ತೈತ್ರಿ" ಅಂದೆ.

ಪರದಿ ಮ್ಯಾಲ ಗಂಡನ್ನ ಕೊಂದಾಕಿ ಏನೂ ಅರೀದಂಗ ಅಳಾಕತ್ತಿದ್ಲು. ಪತ್ತೇದಾರ ಟೋಪಿ ಸರಿಸಿ ಒಂದೇ ಮಾತು ಅಂದ. ನನಗ ತಿಳೀಲಿಲ್ಲ. ಪಿಚ್ಚರಿಗೆ ಕದ್ದು ಹೋಗಿ ಬಂದ ನನ್ನ ಬಾಗಲದಾಗ ನಿಲ್ಲಿಸಿ ನೀನು ಅಂತಿದ್ದಿಯಲ್ಲ, ಅದನ್ನೇ ಹೇಳಿದೆ: "ಸುಳ್ಳು ಹೇಳಾಕ ಯಾಕ ದಣೀತಿ? ನಿನ್ನ ಚಪ್ಲಿ ಧೂಳು ಆಗ್ಲೇ ಎಲ್ಲಾ ಹೇಳಿಬಿಟ್ಟೈತಿ." ಸೀಟಿ ಬಿದ್ದವು ಅವ್ವಾ!

ಕಡೀಗೆ ಪತ್ತೇದಾರ ತಾನು ಮನಸಿಟ್ಟಿದ್ದ ಆಕಿನ್ನೇ ಪೊಲೀಸರಿಗೆ ಒಪ್ಪಿಸಿ ನಡದ. ನಾನು ನಮ್ಮೂರು ಮಾಧವರಂ ಬಿಡೋವಾಗ ನೀನು ಅಂದದ್ದು ಹೇಳಿದೆ: "ಹೋಗಾಂವ ತಿರುಗಿ ನೋಡಬಾರದು. ನೋಡಿದ್ರ ನಿಂತವರಿಗೆ ಆಸಿ ಹುಟ್ಟತೈತಿ."

ಹೇಳಿ ಮುಗಿಸೋದ್ರಾಗ ಪರದಿ ಮ್ಯಾಲಿನವ ತಿರುಗಿ ನೋಡೇ ಬಿಟ್ಟ. ಮಂದಿ ನಕ್ಕರು. ನಾನು ಮೈಕ್ ಬಾಯಿಂದ ದೂರ ಹಿಡದೆ.

ಹೊನ್ನೂರಪ್ಪ ಬಂದ್ರೂ ಇನ್ನ ಆ ಮೈಕ್ ಬಿಡಂಗಿಲ್ಲ ನಾನು. ನಿನ್ನ ಮಾತು ಇನ್ನೂ ಭಾಳ ಅದಾವ.